ಅಯ್ಯಾರ ಕೈಯ ಬಿಗಿ

ಹೊಸದಾಗಿ ಕಟ್ಟಿದ ಎಂಜಿನ್ನು ಹ್ಯಾಂಡಲ್ ಹೊಡೆಯುವವನ ರಟ್ಟೆ ನೋಯಿಸಬೇಕು. ಬೋರ್ ಮಾಡಿಸಿ, ಹೊಸ ಪಿಸ್ಟನ್ನು ಹೊಸ ರಿಂಗು ಹಾಕಿದ್ದು ಮೊದಲ ದಿನ ಸುಲಭಕ್ಕೆ ಬಗ್ಗುವುದಿಲ್ಲ, ಬಗ್ಗಲೂಬಾರದು. ಆ ದಿನ ನಾನು ಗುರಲಿಂಗಪ್ಪನ ಅಂಬಾಸೆಡರಿಗೆ ಹ್ಯಾಂಡಲ್ ಹಾಕಿ ಎತ್ತಿದರೆ ಅದು ಬಾವಿಯ ಗಾಲಿಯ ಹಾಗೆ ಗರಗರ ತಿರುಗಿಬಿಟ್ಟಿತು.

ನನ್ನ ಹೆಸರು ಅಮೋಘಿ. ಅರಕೇರಿಯವನು, ಕುರಿ ಕಾಯುವ ಮನೆತನ. ಮೀಸೆ ಬಂದ ಮೇಲೆ ಬಿಜಾಪುರದ ಜೋರಾಪುರ ಪೇಟೆಯ ಈ ಗ್ಯಾರೇಜಿಗೆ ಬಂದೆ, ಮೀಸೆ ಬೆಳ್ಳಗಾದರೂ ಇಲ್ಲೇ ಇದ್ದೇನೆ. ಊರಿನ ಹೆಸರು ವಿಜಯಪುರ ಆಯಿತು, ಬೋರ್ಡುಗಳೆಲ್ಲ ಬದಲಾದವು, ನನ್ನ ನಾಲಿಗೆ ಮಾತ್ರ ಬದಲಾಗಲಿಲ್ಲ. ಗ್ಯಾರೇಜು ಈರಯ್ಯನವರದು. ಜಂಗಮರು, ಹಣೆಯ ಮೇಲೆ ಮೂರು ಬೆರಳಿನ ಇಬತ್ತಿ, ಮೊಣಕೈವರೆಗೆ ಗ್ರೀಸು. ಗಿರಾಕಿಗಳು ಮೊದಲು ಅವರ ಕಾಲಿಗೆ ಬಿದ್ದು, ಆಮೇಲೆ ಗಾಡಿಯ ರೋಗ ಹೇಳುತ್ತಿದ್ದರು. ಪೇಟೆಯೆಲ್ಲ ಅವರನ್ನು ಅಯ್ಯಾರು ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ.

ಆ ಅಂಬಾಸೆಡರು ಟಿಕೋಟಾದ್ದು. ಗುರಲಿಂಗಪ್ಪನ ಅಪ್ಪ ಕೊಂಡದ್ದು. ಆ ಕಾಲದಲ್ಲಿ ದ್ರಾಕ್ಷಿ ಬೆಳೆದು ಕಾರು ಕೊಂಡವರನ್ನು ಜನ ನಿಂತು ನೋಡುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಕಾರು ಒಣದ್ರಾಕ್ಷಿ ಶೆಡ್ಡಿನ ಮೂಲೆ ಸೇರಿತು. ಈ ವರ್ಷ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಾಗ ಹಿಂದಿನ ಸೀಟಿನ ಸಂದಿಯಿಂದ ಒಣದ್ರಾಕ್ಷಿ ಉದುರಿದವು. ಇಲಿಗಳು ಬಿಟ್ಟವು ಇವಿಷ್ಟೇ ಅಂದರೆ ಎಷ್ಟು ತಿಂದಿರಬೇಡ!

ಕಾರನ್ನು ಎಬ್ಬಿಸಬೇಕು ಅಂದವಳು ಗುರಲಿಂಗಪ್ಪನ ತಾಯಿ ಹುಚ್ಚವ್ವ. ಆಕೆಯ ತವರು ಮಮದಾಪುರ. ಗಂಡ ಇರುವಷ್ಟು ದಿನ ಪ್ರತಿ ಪಂಚಮಿಗೂ ಇದೇ ಕಾರಿನಲ್ಲಿ ಟಿಕೋಟಾದಿಂದ ಬಬಲೇಶ್ವರದ ಮೇಲೆ ಹಾಯ್ದು ತವರಿಗೆ ಹೋಗುತ್ತಿದ್ದಳು, ತೊಡೆಯ ಮೇಲೆ ಉಂಡಿಯ ಡಬ್ಬಿ, ತಲೆಯ ತುಂಬ ಹೂವು. ಮಗನ ಹತ್ತಿರ ಈಗ ತಣ್ಣಗೆ ಗಾಳಿ ಊದುವ ಹೊಸ ಗಾಡಿ ಇದೆ. ಅದರಲ್ಲಿ ಕೂತರೆ ತವರಿಗೆ ಹೋದಂತೆ ಅನಿಸುವುದೇ ಇಲ್ಲವಂತೆ ಆಕೆಗೆ. ‘ಈ ಸಲ ಪಂಚಮಿಗೆ ಅವರ ಗಾಡ್ಯಾಗ ಕರ್ಕೊಂಡ ಹೋಗು, ಮುಂದಿನ ಪಂಚಮಿ ನಾ ಕೇಳಂಗಿಲ್ಲ’ ಅಂದಳಂತೆ. ಗುರಲಿಂಗಪ್ಪ ಅದನ್ನು ಹೇಳುವಾಗ ಅಯ್ಯಾರು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ‘ಇದು ನಮ್ಮ ಕೈಯಾಗಿನ ಕೂಸಪಾ, ಎಬ್ಬಸೋಣು’ ಅಂದರು.

ನಾನು ಈ ಕಾರಿನ ಮೇಲೇ ಕೆಲಸ ಕಲಿತವನು. ಬಂದ ಹೊಸತರಲ್ಲಿ ಅಯ್ಯಾರು ಇದೇ ಎಂಜಿನ್ನಿನ ಪ್ಲಗ್ಗು ಬಿಚ್ಚಿ, ಆ ತೂತಿನ ಮೇಲೆ ನನ್ನ ಹೆಬ್ಬಟ್ಟು ಒತ್ತಿಸಿ, ತಾವು ಹ್ಯಾಂಡಲ್ ಹೊಡೆದರು. ಒಳಗಿನ ಗಾಳಿ ಹೆಬ್ಬಟ್ಟನ್ನು ಫಟ್ ಅಂತ ಎತ್ತಿ ಒಗೆಯಿತು. ನಾನು ಹೆದರಿ ಹಿಂದೆ ಸರಿದೆ. ‘ಇದಕ್ಕ ದಮ್ಮು ಅಂತಾರಲೇ’ ಅಂದರು. ‘ಇಂಗ್ಲೀಷಿನ್ಯಾಗ ಕಂಪ್ರೆಶನ್. ದಮ್ಮಿದ್ರ ಎಂಜಿನ್ನು, ಇರಲಿಲ್ಲಂದ್ರ ಬರೇ ಕಬ್ಬಣ.’ ಆಗ ಗ್ಯಾರೇಜಿನ ಮುಂದೆ ಫಿಯಟ್ಟು, ಅಂಬಾಸೆಡರು ಸಾಲುಗಟ್ಟಿ ನಿಲ್ಲುತ್ತಿದ್ದವು. ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಕಡೆ ಬಿಚ್ಚುತ್ತಿದ್ದೆವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಸೀಮೆಎಣ್ಣೆಯ ವಾಸನೆ. ಆ ವಾಸನೆ ಈಗಲೂ ಮೂಗಿಗೆ ಬಂದರೆ ನನಗೆ ಹಸಿವಾಗುತ್ತದೆ. ಈಗ ಬರುವ ಕಾರುಗಳಿಗೆ ಲ್ಯಾಪ್‌ಟಾಪು ಹಚ್ಚಿ ರೋಗ ಕೇಳುತ್ತಾರೆ. ಪೂರಾ ಎಂಜಿನ್ನು ಬಿಚ್ಚಿ ಕಟ್ಟುವ ಕೆಲಸ ಯಾವಾಗಲೋ ಒಮ್ಮೆ ಬರುತ್ತದೆ.

ನಮ್ಮ ಗ್ಯಾರೇಜಿಗೆ ಒಂದು ಪದ್ಧತಿ ಇತ್ತು. ಎಂಜಿನ್ನು ಯಾರೇ ಕಟ್ಟಲಿ, ಕಡೆಯ ಬಿಗಿ ಅಯ್ಯಾರದು. ಕಡೆಯ ಬಿಗಿ ಅಂದರೆ ಟ್ಯಾಪೆಟ್ಟು. ಎಂಜಿನ್ನಿನ ತಲೆಯ ಮೇಲೆ ವಾಲ್ವುಗಳನ್ನು ಒತ್ತುವ ಕೊಕ್ಕುಗಳಿರುತ್ತವೆ. ಕೊಕ್ಕಿಗೂ ವಾಲ್ವಿಗೂ ನಡುವೆ ಚೂರು ಸಂದು ಬಿಡಬೇಕು. ಅದನ್ನು ಅಳೆಯಲು ಉಕ್ಕಿನ ಪಟ್ಟಿಗಳು ಬರುತ್ತವೆ, ಸಾದಾ ಸರ್ವಿಸಿಗೆ ನಾವೆಲ್ಲ ಅವನ್ನೇ ಬಳಸುತ್ತೇವೆ. ಅಯ್ಯಾರು ಎಂದೂ ಮುಟ್ಟಿದವರಲ್ಲ. ಕೊಕ್ಕಿನ ಕೆಳಗಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಹೊಸೆಯುತ್ತ, ಇನ್ನೊಂದು ಕೈಯಿಂದ ತಿರುಪು ಬಿಗಿಯುತ್ತಿದ್ದರು. ಕಡ್ಡಿ ತಿರುಗಲು ಕೊಂಚ ಬೇಸರ ಮಾಡಿತೋ, ಅಲ್ಲಿಗೆ ನಿಂತು, ಒಂದು ಎಳೆ ಸಡಿಲಿಸಿ, ನಟ್ಟು ಹಾಕುತ್ತಿದ್ದರು. ಆಮೇಲೆ ಮೇಲಿನ ಮುಚ್ಚಳಕ್ಕೆ ಮೂರು ಬೆರಳ ಇಬತ್ತಿ. ಅವರು ಕಟ್ಟಿದ ಎಂಜಿನ್ನು ನಿಂತಲ್ಲಿ ಓಡುತ್ತಿದ್ದರೆ ಬಾನೆಟ್ಟಿನ ಮೇಲಿನ ಚಹಾ ಲೋಟ ಅಲುಗುತ್ತಿರಲಿಲ್ಲ. ‘ಅಯ್ಯಾರ ಬಿಗಿ’ ಅಂತಲೇ ಜನ ಸೋಲಾಪುರದ ಕಡೆಯಿಂದಲೂ ಗಾಡಿ ತರುತ್ತಿದ್ದರು.

ವಯಸ್ಸಾದ ಮೇಲೆ ಅವರು ಉಳಿದ ಕೆಲಸ ಬಿಟ್ಟರು. ಹೊರಗೆ ಕುರ್ಚಿ ಹಾಕಿ ಕೂರುತ್ತಾರೆ. ಕಡೆಯ ಬಿಗಿ ಮಾತ್ರ ಬಿಟ್ಟಿರಲಿಲ್ಲ. ಬಿಡಲು ನಾನೂ ಬಿಟ್ಟಿರಲಿಲ್ಲ. ಹೊತ್ತು ಬಂದಾಗ ನಟ್ಟು ಬಿಗಿಯುವ ಪಾನಾವನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆ. ಅವರು ಎದ್ದು ಬರುತ್ತಿದ್ದರು. ಅದೊಂದು ಗಳಿಗೆ ನೋಡಿದರೆ ಗ್ಯಾರೇಜು ಹಳೆಯ ಗ್ಯಾರೇಜೇ. ಈ ಅಂಬಾಸೆಡರಿಗೂ ಹಾಗೇ ಆಯಿತು. ಅಯ್ಯಾರು ಬಿಗಿದರು, ಇಬತ್ತಿ ಹಚ್ಚಿದರು, ನಾನು ಹ್ಯಾಂಡಲ್ ಹಾಕಿದೆ. ಅದು ಗರಗರ ತಿರುಗಿತು.

ಹೇಗೋ ಚಾಲೂ ಮಾಡಿದೆ. ಕಾರ್ಬುರೇಟರಿನಿಂದ ಸೀನಿತು, ಕೆಮ್ಮಿತು. ಟಿಕೋಟಾ ಹಾದಿ ಹಿಡಿದು ಒಯ್ದರೆ, ಊರು ದಾಟಿದ ಮೇಲಿನ ಸಣ್ಣ ಏರಿನಲ್ಲೇ ನಿಂತುಬಿಟ್ಟಿತು. ಆ ಏರನ್ನು ನಮ್ಮೂರ ಮುದಿ ಟಗರೂ ಓಡಿ ಹತ್ತುತ್ತದೆ. ನನಗೆ ಬಂದ ಸಿಟ್ಟಿಗೆ ಟೈರಿಗೆ ಒದ್ದೆ. ಕಾಲು ನೋಯಿತೇ ಹೊರತು ಟೈರಿಗೆ ಏನೂ ಆಗಲಿಲ್ಲ.

ಮರಳಿ ಎಳೆದು ತಂದು ಪ್ಲಗ್ಗುಗಳನ್ನು ಬಿಚ್ಚಿ ದಮ್ಮು ಅಳೆಯುವ ಗೇಜು ಹಾಕಿದೆ. ನೂರಿಪ್ಪತ್ತು ದಾಟಬೇಕಾದ ಮುಳ್ಳು ಎಪ್ಪತ್ತರ ಆಸುಪಾಸಿನಲ್ಲಿ ಸುಸ್ತಾಗಿ ನಿಂತಿತು. ನಾಲ್ಕು ಸಿಲಿಂಡರಿನದೂ ಅದೇ ಹಾಡು. ಪ್ರತಿ ತೂತಿಗೂ ಒಂದಿಷ್ಟು ಎಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ರಿಂಗಿನಲ್ಲಿ ಸೋರುತ್ತಿದ್ದರೆ ಎಣ್ಣೆ ಆ ಸಂದು ತುಂಬಿ ಮುಳ್ಳು ಏರಬೇಕು. ಏರಲಿಲ್ಲ. ಅಂದರೆ ರಿಂಗು ತಪ್ಪಿತಸ್ಥ ಅಲ್ಲ. ಮುಂದಿನ ಕವರು ಬಿಚ್ಚಿ ಚೈನಿನ ಗುರುತು ನೋಡಿದೆ, ಹಲ್ಲಿಗೆ ಹಲ್ಲು ಸರಿಯಾಗಿತ್ತು. ಕೊನೆಗೆ ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಟ್ಟೆ. ಕಾರ್ಬುರೇಟರಿನ ಬಾಯಲ್ಲೂ ಸೈಲೆನ್ಸರಿನ ಬಾಯಲ್ಲೂ ಸುಸ್ ಅಂತಿತ್ತು. ವಾಲ್ವುಗಳು ಮುಚ್ಚುತ್ತಿಲ್ಲ.

ಹೊರಗಿನ ಕುರ್ಚಿಯಿಂದ ಅಯ್ಯಾರು, ‘ಏನಂತೈತೋ?’ ಅಂದರು.

‘ವಾಲ್ವ್ ಸೋರಾಕತ್ತಾವ್ರಿ. ಲೇತಿನ ಉಮರ ಹೆಡ್ಡು ಹಾಳ ಮಾಡ್ಯಾನ’ ಅಂದೆ.

ಅವರು ಏನೋ ಅನ್ನಲು ಬಾಯಿ ತೆರೆದು ಸುಮ್ಮನಾದರು. ನಾನು ಆಗಲೇ ಹೆಡ್ಡು ಬಿಚ್ಚುತ್ತಿದ್ದೆ.

ವಾಲ್ವು ಮುಚ್ಚದಿರಲು ಇನ್ನೊಂದು ಕಾರಣವೂ ಇರುತ್ತದೆ. ಕೊಕ್ಕಿನ ಸಂದು ಇಲ್ಲದ ಹಾಗೆ ಟ್ಯಾಪೆಟ್ಟು ಬಿಗಿದಿದ್ದರೆ ಅವು ಸದಾ ಅರೆಬಾಯಿ ತೆರೆದೇ ಇರುತ್ತವೆ. ಗ್ಯಾರೇಜಿಗೆ ಬಂದ ವಾರಕ್ಕೇ ಕಲಿಯುವ ಪಾಠ ಇದು. ಬೇರೆ ಯಾರ ಕೆಲಸವಾಗಿದ್ದರೂ ನಾನು ಮೊದಲು ಅಲ್ಲೇ ಕೈ ಹಾಕುತ್ತಿದ್ದೆ. ಇದು ಅಯ್ಯಾರ ಬಿಗಿ. ಅದು ತಪ್ಪಿದ್ದು ನಾನು ಕಂಡೇ ಇಲ್ಲ. ಅದನ್ನು ಬಿಟ್ಟು ಲೋಕದ ಮೇಲೆಲ್ಲ ಅನುಮಾನಪಟ್ಟೆ.

ಉಮರ ಬಾಜೂ ಓಣಿಯಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ಬೋರು, ವಾಲ್ವಿನ ಸೀಟು ಎಲ್ಲ ಅವನ ಕೆಲಸ. ನನ್ನ ಓರಗೆಯವನು, ಒಂದೇ ಬುತ್ತಿಯಲ್ಲಿ ಉಂಡವರು. ಅವನ ಮುಂದೆ ಹೆಡ್ಡನ್ನು ದಬ್ ಅಂತ ಇಟ್ಟು, ‘ಕಣ್ಣಿಗೆ ಪೊರಿ ಬಂದೈತೇನ್ಲೇ? ಸೀಟ್ ಕೂಡಿಸಾಕ ಬರದಿದ್ರ ಲೇತ್ ಮಾರಿ ಚುರುಮುರಿ ಮಾರು’ ಅಂದೆ.

ಉಮರ ಸಿಟ್ಟಾಗಲಿಲ್ಲ. ಹೆಡ್ಡನ್ನು ತಿರುಗಿಸಿ ಇಟ್ಟು, ಗಾಳಿ ಹೋಗುವ ಎಲ್ಲ ದಾರಿಗಳಿಗೂ ಸೀಮೆಎಣ್ಣೆ ತುಂಬಿದ. ‘ಚಾ ಕುಡಿ, ಅಲ್ಲೀತನ ಸೋರಿದ್ರ ಹೇಳು’ ಅಂದ. ಚಹಾ ಮುಗಿಯಿತು. ಒಂದು ಹನಿಯೂ ಜಿನುಗಲಿಲ್ಲ. ಬೆರಳಲ್ಲಿ ಒರೆಸಿ ನೋಡಿದೆ, ಒಣಗಿ ಖಣಖಣ ಅನ್ನುತ್ತಿತ್ತು.

‘ಬಿಚ್ಚಿದ್ರ ಮುಚ್ಚತಾವ, ಕೂಡ್ಸಿದ್ರ ಸೋರತಾವ ಅಂದ್ರ ಹೆಡ್ಡಿನ್ಯಾಗ ಏನೂ ಇಲ್ಲ ಅಮೋಘಿ’ ಅಂದ ಉಮರ. ‘ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡುಕಾಕತ್ತಿ. ಹೆಡ್ಡಿನ ಮ್ಯಾಲ ಏನ್ ಇರತೈತಿ ನೋಡಲಾ...’

ಅಷ್ಟು ಹೇಳಿ ಅವನೇ ತಟ್ಟನೆ ನಿಲ್ಲಿಸಿದ. ನಾನು ಅವನ ಮುಖ ನೋಡಿದೆ, ಅವನು ಲೋಟದೊಳಗೆ ನೋಡಿದ. ಹೆಡ್ಡಿನ ಮೇಲೆ ಇರುವುದು ಅಯ್ಯಾರ ಬಿಗಿ, ಅದು ಇಬ್ಬರಿಗೂ ತಿಳಿದಿತ್ತು. ಹೆಡ್ಡು ಹೊತ್ತು ಬರುವಾಗ ಅವನು ಹಿಂದಿನಿಂದ, ‘ಮುದುಕರಿಗೆ ಏನೂ ಅನಬ್ಯಾಡೋ’ ಅಂದ. ಅದೊಂದೇ ಮಾತು.

ಗುರಲಿಂಗಪ್ಪ ದಿನಾ ಫೋನು ಮಾಡುತ್ತಿದ್ದ. ‘ಅವ್ವ ಉಂಡಿ ಕಟ್ಟಾಕತ್ತಾಳ್ರಿ. ಶೇಂಗಾದ್ದು ಆದವು, ಎಳ್ಳಿಂದು ನಡದಾವ.’ ಆಕೆಯ ಉಂಡಿ ಮುಗಿಯುವುದರೊಳಗೆ ನನ್ನ ಎಂಜಿನ್ನು ಆಗಬೇಕಿತ್ತು.

ಮರುದಿನ ಮುಂಜಾನೆ ಹೊಸ ಗ್ಯಾಸ್ಕೆಟ್ಟು ಹಾಕಿ ಹೆಡ್ಡು ಕೂಡಿಸಿದೆ. ಟ್ಯಾಪೆಟ್ಟಿನ ಹೊತ್ತು ಬಂತು. ನಾನೇ ಕಟ್ಟಿಬಿಡಬಹುದಿತ್ತು. ಆದರೆ ಅಯ್ಯಾರು ಕುರ್ಚಿಯಲ್ಲಿ ನನ್ನ ಕಡೆಗೇ ನೋಡುತ್ತ ಕೂತಿದ್ದರು. ಕರೆಯದೆ ಹೋದರೆ ಏನು ತಿಳಿದಾರು? ಇಷ್ಟು ವರ್ಷ ಅನ್ನ ಕೊಟ್ಟ ಕೈಯನ್ನು ಒಂದೇ ದಿನಕ್ಕೆ ಬೇಡ ಅಂದಂತಾಗುವುದಿಲ್ಲವೇ? ಪಾನಾ ಒರೆಸಿದೆ. ಎರಡೂ ಕೈಯಲ್ಲಿ ಹಿಡಿದು ಹೋಗಿ ನಿಂತೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಬಂದರು.

ಈ ಸಲ ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡಿದೆ. ಎರಡು ಬೆರಳಲ್ಲಿ ಕಡ್ಡಿ ಹಿಡಿದು ಹೊಸೆಯುತ್ತಿದ್ದರು, ಕಣ್ಣು ಮುಚ್ಚಿತ್ತು, ತಲೆ ಒಂದು ಕಡೆ ವಾಲಿತ್ತು. ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ಕಡ್ಡಿ ತಿರುಗುತ್ತಿರಲಿಲ್ಲ. ಅದು ಯಾವಾಗಲೋ ಬಿಗಿದು ನಿಂತಿತ್ತು, ಬೆರಳುಗಳು ಮಾತ್ರ ಎಣ್ಣೆಯ ಮೇಲೆ ಜಾರುತ್ತಿದ್ದವು. ಕಡ್ಡಿ ಇನ್ನೂ ತಿರುಗುತ್ತಿದೆ ಅಂದುಕೊಂಡು ಅವರು ತಿರುಪನ್ನು ಇನ್ನಷ್ಟು, ಇನ್ನಷ್ಟು ಬಿಗಿಯುತ್ತಿದ್ದರು.

ನನ್ನ ಕಣ್ಣು ತುಂಬಿದವು. ಅಳು ಬಂದಾಗಲೂ ನನಗೆ ಸಿಟ್ಟೇ ಬರುತ್ತದೆ. ಪೆಟ್ರೋಲಿನ ಡಬ್ಬಿ ಒದ್ದು ಉರುಳಿಸಿ, ಅದನ್ನು ಎತ್ತಿಡುವ ನೆವದಲ್ಲಿ ಹೊರಗೆ ಹೋದೆ. ಬರುವಷ್ಟರಲ್ಲಿ ಮುಚ್ಚಳ ಹಾಕಿ ಆಗಿತ್ತು. ‘ನೀ ನೋಡು, ನಾ ಉಂಡ ಬರ್ತೇನಿ’ ಅಂತ ಅಯ್ಯಾರು ಮನೆಗೆ ನಡೆದರು. ಇಬತ್ತಿ ಹಚ್ಚಿರಲಿಲ್ಲ. ಮರೆತಿದ್ದಾರೆ ಅಂದುಕೊಂಡೆ.

ಗೇಜು ಹಾಕಿದರೆ ಮುಳ್ಳು ಮತ್ತೆ ಎಪ್ಪತ್ತರಲ್ಲೇ. ಸುತ್ತ ನೋಡಿ, ಕಳ್ಳನ ಹಾಗೆ ಮುಚ್ಚಳ ಬಿಚ್ಚಿದೆ. ಪಟ್ಟಿ ಇಟ್ಟು ಒಂದೊಂದೇ ಸಡಿಲಿಸಿದೆ. ನನ್ನ ಗುರುವಿನ ಕೆಲಸದ ಮೇಲೆ ನಾನು ಕೈ ಹಾಕಿದ್ದು ಅದೇ ಮೊದಲು. ಮತ್ತೆ ಗೇಜು ಹಾಕಿದರೆ ಮುಳ್ಳು ಎದ್ದು ನೂರಾಮೂವತ್ತಕ್ಕೆ ಹೋಯಿತು. ಹ್ಯಾಂಡಲ್ ಎತ್ತಿದರೆ ರಟ್ಟೆ ಹಿಡಿದುಕೊಂಡಿತು. ದಮ್ಮು ಬಂದಿತ್ತು. ಕುಣಿಯಬೇಕಾದವನು ಬಾಗಿಲ ಕಡೆ ನೋಡುತ್ತ ನಿಂತೆ.

ಅಯ್ಯಾರು ಉಂಡು ಬಂದಾಗ ಎಂಜಿನ್ನು ಓಡುತ್ತಿತ್ತು. ಉದ್ದದ ಸ್ಕ್ರೂಡ್ರೈವರು ತೆಗೆದುಕೊಂಡು, ತುದಿಯನ್ನು ಮುಚ್ಚಳಕ್ಕೂ ಹಿಡಿಕೆಯನ್ನು ಕಿವಿಗೂ ಹಚ್ಚಿ ನಿಂತರು. ತುಂಬ ಹೊತ್ತು ಕೇಳಿದರು.

‘ಅಮೋಘಿ, ಇದನ್ಯಾರು ಕಟ್ಟ್ಯಾರ?’

‘ನೀವ ಕಟ್ಟೀರಲ್ರೀ, ಮುಂಜಾನಿ.’

‘ಸುಳ್ಳ ಹೇಳಬ್ಯಾಡ. ನಾ ಕಟ್ಟಿದ್ದು ಮಾತಾಡಂಗಿಲ್ಲ. ಇದು ಟಿಕ್ ಟಿಕ್ ಅನ್ನಾಕತ್ತೈತಿ. ನೀ ಬಂದಾಗಿಂದ ಹೇಳಾಕತ್ತೇನಿ, ತುಸು ಸಡಲ ಬಿಡ್ತಿ ಅಂತ.’

ನಾನು ಎಂಜಿನ್ನು ಆರಿಸಿದೆ.

‘ಮುಂಜಾನಿ ಎಷ್ಟಿತ್ತು?’ ಅಂದರು.

‘ಎಪ್ಪತ್ತರಿ.’

‘ಈಗ?’

‘ನೂರಾಮೂವತ್ತರಿ.’

ಅವರು ಬೆಂಚಿನ ಮೇಲೆ ಕೂತು ತಮ್ಮ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು. ‘ಚಾ ಬಿಸಿ ಐತೋ ಆರೈತೋ ತುಟಿಗೆ ಹಚ್ಚಿದ ಮ್ಯಾಲ ಗೊತ್ತಾಗತೈತಿ ನನಗ. ಶುಗರ್ ಅಂದ್ರು ಡಾಕ್ಟರು. ಬೆರಳಿಗೆ ತಿಳೀದಿದ್ರೇನು, ಇಷ್ಟು ವರ್ಷದ ರೂಢಿ, ಕೈಗೆ ತಿಳದೀತು ಅಂತ ಮಾಡಿದ್ನಿ. ತಿಳೀಲಿಲ್ಲ. ನೀ ಉಮರನ ಕೂಡ ಜಗಳಾಡಾಕ ಹೊಂಟಾಗ ನನಗ ಅನುಮಾನ ಬಂದಿತ್ತೋ. ಬಾಯಿಗಿ ಬಂದದ್ದು ನುಂಗಿದೆ. ಇವತ್ತ ಇಬತ್ತಿ ಹಚ್ಚಾಕ ಕೈ ಬರಲಿಲ್ಲ.’

ಎಲ್ಲಿತ್ತೋ ನನ್ನ ಸಿಟ್ಟು, ಬಂದುಬಿಟ್ಟಿತು. ‘ಮತ್ತ ನನಗೊಂದ ಮಾತ ಹೇಳಬೇಕಿಲ್ಲೇನ್ರಿ? ಗೊತ್ತಿದ್ದೂ ಪಾನಾ ಯಾಕ ತಗೊಂಡ್ರಿ?’

‘ನೀ ಯಾಕ ತಂದ ಕೊಟ್ಟಿ?’

‘ಕೊಡಲಿಲ್ಲಂದ್ರ ನಿಮ್ಮ ಮನಸಿಗಿ ನೋವಾಕ್ಕೈತಿ ಅಂತ.’

‘ನಾನೂ ಅದಕ್ಕ ತಗೊಂಡೆಪಾ’ ಅಂದರು ಅಯ್ಯಾರು. ‘ದೇವರ ಮುಂದ ಹೂವು ಹಿಡದಂಗ ಎರಡೂ ಕೈಯಾಗ ಹಿಡ್ಕೊಂಡ ಬರ್ತಿದ್ದಿ. ಒಲ್ಲೆ ಅಂದ್ರ ನಿನ್ನ ಮಾರಿ ಸಣ್ಣದಾಕ್ಕೈತಿ, ನನಗ ನೋಡಾಕ ಆಗಂಗಿಲ್ಲ.’

ಇಬ್ಬರ ನಡುವೆ ಬೆಂಚಿನ ಮೇಲೆ ಆ ಪಾನಾ ಬಿದ್ದಿತ್ತು. ಇಷ್ಟು ದಿನ ನಾನು ಅವರಿಗಾಗಿ ತರುತ್ತಿದ್ದೆ, ಅವರು ನನಗಾಗಿ ತೆಗೆದುಕೊಳ್ಳುತ್ತಿದ್ದರು, ಕಾರು ಮಾತ್ರ ಏರಿನಲ್ಲಿ ನಿಲ್ಲುತ್ತಿತ್ತು. ಅಯ್ಯಾರು ಅದನ್ನು ಎತ್ತಿ ನನ್ನ ಕೈಯಲ್ಲಿಟ್ಟರು. ಎದ್ದು ಹೋಗಿ ಗೂಡಿನಲ್ಲಿದ್ದ ಇಬತ್ತಿ ಕರಡಿಗೆ ತೆಗೆದು, ಎಂಜಿನ್ನಿನ ಮುಚ್ಚಳದ ಮೇಲೆ ಮೂರು ಬೆರಳ ಇಬತ್ತಿ ಎಳೆದರು. ‘ಇದು ನಂದು. ಅದು ನಿಂದು’ ಅಂದರು.

ಪಂಚಮಿಯ ಮುಂಜಾನೆ ನಾನೂ ಅಯ್ಯಾರೂ ಕಾರನ್ನು ಟಿಕೋಟಾಕ್ಕೆ ಒಯ್ದೆವು. ಆ ಏರು ಬಂದಾಗ ಇಬ್ಬರೂ ಎಂಜಿನ್ನಿಗೆ ಕಿವಿಗೊಟ್ಟೆವು. ಕಾರು ಏರು ಇದೆ ಅನ್ನುವುದನ್ನೇ ಲೆಕ್ಕಕ್ಕೆ ತಗೊಳ್ಳದೆ ಹತ್ತಿತು. ಹುಚ್ಚವ್ವ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಹಿಂದಿನ ಸೀಟಿನ ಎಡಗಡೆ ಕೂತು, ಬಲಗಡೆಯ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದಳು. ಅಲ್ಲಿ ಯಾರನ್ನೂ ಕೂರಗೊಡಲಿಲ್ಲ. ಗುರಲಿಂಗಪ್ಪ ಗಾಡಿ ಹಿಡಿದ, ಅಯ್ಯಾರು ಮುಂದೆ, ಅವರ ಪಕ್ಕ ನಾನು ಇರುಕಿಕೊಂಡು ಕೂತೆ. ಹಳೆಯ ಅಂಬಾಸೆಡರಿನ ಮುಂದಿನ ಸೀಟಿಗೆ ಮೂವರು ಎಂದೂ ಭಾರ ಆಗಿದ್ದಿಲ್ಲ.

‘ಅಯ್ಯಾರ, ಗಾಡಿ ಥೇಟ್ ಮದಲಿನಂಗ ಆಗೈತಿ ನೋಡ್ರಿ. ನಿಮ್ಮ ಕೈ ಅಂದ್ರ ನಿಮ್ಮ ಕೈ’ ಅಂದಳು ಹುಚ್ಚವ್ವ.

‘ನಂದಲ್ಲ ಬೇ ತಾಯಿ. ಇವನ ಕೈ ಇದು, ಅಮೋಘಿದು’ ಅಂದರು ಅಯ್ಯಾರು. ನಾನು ಕಿಟಕಿಯ ಹೊರಗೆ ಜೋಳದ ಹೊಲ ನೋಡತೊಡಗಿದೆ. ಅಲ್ಲಿ ಜೋಳವೇ ಇರಲಿಲ್ಲ, ತೊಗರಿ ಇತ್ತು ಅಂತ ಆಮೇಲೆ ನೆನಪಾಯಿತು.

ಬಬಲೇಶ್ವರದಲ್ಲಿ ನಾವಿಬ್ಬರು ಇಳಿದುಕೊಂಡೆವು. ಹುಚ್ಚವ್ವ ಇಬ್ಬರ ಕೈಗೂ ಎರಡೆರಡು ಎಳ್ಳುಂಡಿ ಹಾಕಿದಳು. ಕಾರು ಮಮದಾಪುರದ ಹಾದಿ ಹಿಡಿಯಿತು. ಅಯ್ಯಾರು ತಲೆ ಒಂದು ಕಡೆ ವಾಲಿಸಿ, ಸದ್ದು ಕೇಳುವಷ್ಟು ದೂರವೂ ಕೇಳುತ್ತ ನಿಂತಿದ್ದರು.

‘ತುಸು ಸಡಲ ಐತಿ’ ಅಂದರು.

ಜೀವಮಾನವೆಲ್ಲ ಈ ಮಾತಿಗೆ ಉರಿದುಬಿದ್ದವನು ನಾನು. ಆ ದಿನ, ‘ಹೌದ್ರಿ. ಮುಂದಿನ ಎಂಜಿನ್ನಿಗೆ ಬಾಜೂ ಕುಂತ ಹೇಳ್ರಿ’ ಅಂದೆ.

‘ಹೇಳದಽ ಬಿಡ್ತೇನೇನು? ಕಿವಿ ಇನ್ನಾ ನೆಟ್ಟಗದಾವ’ ಅಂದು ನಕ್ಕರು.

ಬಿಜಾಪುರದ ಬಸ್ಸು ಬಂತು. ಹಬ್ಬದ ಗದ್ದಲ, ಮೆಟ್ಟಿಲು ಎತ್ತರ. ನಾನು ಮೇಲೆ ಹತ್ತಿ ಕೈ ಚಾಚಿದೆ, ಅವರು ಹಿಡಿದರು. ಒರಟು ಚರ್ಮದ, ತಣ್ಣನೆಯ ಬೆರಳುಗಳು. ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಅನ್ನುವುದು ಅವರಿಗೆ ತಿಳಿಯುವಂತಿರಲಿಲ್ಲ. ಸೀಟು ಸಿಕ್ಕಿ ಕೂತ ಮೇಲೂ, ಜೋರಾಪುರ ಪೇಟೆ ಬರುವ ತನಕ, ನಾನು ಆ ಕೈ ಬಿಡಲಿಲ್ಲ.